ಪುಕ್ಕಟೆ ಹಂದಿಮೂಗು

ಬೂಸಾನಿನ ಗುಡ್ಡದ ಮೇಲಿನ ನಮ್ಮ ಓಣಿಯಲ್ಲಿ ರೇಡಿಯೊ, ಇಸ್ತ್ರಿಪೆಟ್ಟಿಗೆ, ಫ್ಯಾನು, ಏನೇ ಕೆಟ್ಟರೂ ಈ ತಕ್ ಗಿಬೊಮ್‌ನ ಅಂಗಡಿಗೇ ಬರಬೇಕು. ಬಂದವರು ನನ್ನಿಂದ ಬೈಸಿಕೊಳ್ಳದೆ ಹೋದದ್ದಿಲ್ಲ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೆಸಿಸ್ಟೆನ್ಸು, ಗುಣಿಸಿದರೆ ವ್ಯಾಟು, ಇಷ್ಟೂ ಗೊತ್ತಿಲ್ಲದೆ ಸ್ವಿಚ್ಚು ಯಾಕೆ ಮುಟ್ಟುತ್ತೀರಿ ಎಂದು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಅಂಥವನು ಆ ಚಳಿಗಾಲದಲ್ಲಿ ಮಾಡಿದ ತಪ್ಪನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಆ ತಿಂಗಳು ಓಣಿಯ ಮನೆಗಳನ್ನು ಒಂದೊಂದಾಗಿ ನೂರಹತ್ತು ವೋಲ್ಟಿನಿಂದ ಇನ್ನೂರಿಪ್ಪತ್ತಕ್ಕೆ ಏರಿಸುತ್ತಿದ್ದರು. ಹಳೆಯ ಪ್ಲಗ್ಗಿಗೆ ಚಪ್ಪಟೆ ಕಡ್ಡಿ, ಹೊಸ ಗೋಡೆಗೆ ದುಂಡು ತೂತು. ಚಪ್ಪಟೆ ಕಡ್ಡಿಯನ್ನು ದುಂಡು ತೂತಿಗೆ ಹೊಂದಿಸುವ ಪುಟ್ಟ ಪ್ಲಾಸ್ಟಿಕ್ ತುಂಡಿಗೆ ನಾವು ಹಂದಿಮೂಗು ಎನ್ನುತ್ತೇವೆ, ನೋಡಲು ಹಾಗೇ ಇದೆ. ಅದು ಕಡ್ಡಿಯ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟನ್ನಲ್ಲ. ಎರಡೂ ವೋಲ್ಟಿಗೆ ಒಗ್ಗುವ ಸಾಮಾನಿಗೆ ಮಾತ್ರ ಅದು ಸರಿ. ನಾನು ಗಲ್ಲಾದ ಪಕ್ಕ ಒಂದು ಡಬ್ಬ ತುಂಬ ಇಟ್ಟು, ದೊಡ್ಡ ದಾನಿಯ ಹಾಗೆ ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಹೆಂಡತಿ ಮಾಲ್ಸುನ್ ನನ್ನ ಬಟ್ಟಲಿಗೆ ಬಿಸಿ ಶಾವಿಗೆ ಸಾರು ಬಡಿಸುತ್ತ ಹೇಳಿದಳು.

"ಬೆಳಿಗ್ಗೆ ಯೋಸು ಅಜ್ಜಿ ಕೋಲೂರ್ಕೊಂಡು ಬಂದಿದ್ರು ರೀ. ಒಂದು ಹಂದಿಮೂಗು ಇಸ್ಕೊಂಡು ಹೋದ್ರು."

"ಯಾತಕ್ಕಂತೆ?"

"ಕರೆಂಟು ಹಾಸಿಗೆಗೆ. ನಿನ್ನೆ ಅವರ ಮನೆ ಲೈನು ಬದಲಾಯ್ತಲ್ಲ."

ಕರೆಂಟಿನಿಂದ ಬೆಚ್ಚಗಾಗುವ ಆ ಹಾಸಿಗೆಯನ್ನು ಹಿಂದಿನ ವಾರವಷ್ಟೇ ನಾನೇ ರಿಪೇರಿ ಮಾಡಿದ್ದೆ. ನೂರಹತ್ತು ವೋಲ್ಟಿನದು, ಒಂದು ಆಂಪಿಯರ್ ಎಳೆಯುತ್ತಿತ್ತು. ಅಂದರೆ ನೂರಹತ್ತು ವ್ಯಾಟು. ಇನ್ನೂರಿಪ್ಪತ್ತಾದರೆ ಅರ್ಧ ಆಂಪಿಯರ್ ಸಾಕು, ಅದೇ ನೂರಹತ್ತು ವ್ಯಾಟು ಬರುತ್ತದೆ, ಬಿಡು ಎಂದುಕೊಂಡು ಎರಡು ತುತ್ತು ಶಾವಿಗೆ ತಿಂದೆ. ಮೂರನೆಯದನ್ನು ಬಟ್ಟಲಿಗೇ ಬಿಟ್ಟೆ.

ಅರ್ಧ ಆಂಪಿಯರ್ ಸಾಕು ಎಂದು ಹಾಸಿಗೆಗೆ ಹೇಳಿದವರು ಯಾರು? ಬದಲಾಗದೆ ಉಳಿಯುವುದು ವ್ಯಾಟಲ್ಲ, ಒಳಗೆ ಹೊಲಿದ ತಂತಿ. ಚಾಪ್‌ಸ್ಟಿಕ್ಕನ್ನು ಸಾರಿಗೆ ಅದ್ದಿ ಮೇಜಿನ ಮೇಲೇ ಬರೆದೆ. ನೂರಹತ್ತನ್ನು ಒಂದರಿಂದ ಭಾಗಿಸು, ರೆಸಿಸ್ಟೆನ್ಸು ನೂರಹತ್ತು ಓಮು. ಇನ್ನೂರಿಪ್ಪತ್ತನ್ನು ಅದರಿಂದ ಭಾಗಿಸು, ಎರಡು ಆಂಪಿಯರ್. ಎರಡನ್ನು ಇನ್ನೂರಿಪ್ಪತ್ತರಿಂದ ಗುಣಿಸು, ನಾನೂರ ನಲವತ್ತು ವ್ಯಾಟು. ವೋಲ್ಟು ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಮೇಲೆ ದಪ್ಪ ರಜಾಯಿ ಹೊದ್ದು ಮಲಗುವ ಎಪ್ಪತ್ತೆಂಟರ ಮುದುಕಿ. ಸಕ್ಕರೆ ಕಾಯಿಲೆಯಿಂದ ಅವರಿಗೆ ಮೊಣಕಾಲ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ.

"ಫೋನ್ ಮಾಡೇ! ಬೇಗ!"

"ಎತ್ತುತ್ತಾ ಇಲ್ಲ ರೀ. ಅವರು ಮಲಗೋ ಹೊತ್ತಲ್ವಾ ಇದು... ಏನಾಯ್ತು ಹೇಳಿ!"

ಅಂಗಡಿಯ ಚಪ್ಪಲಿಯಲ್ಲೇ ಓಡಿದೆ. ಅಜ್ಜಿಯ ಮನೆಗೆ ನೂರಾಮೂವತ್ತು ಮೆಟ್ಟಿಲು. ಫ್ಯೂಸು ಹೋಗಲಿ, ಫ್ಯೂಸು ಹೋಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಎರಡು ಆಂಪಿಯರಿಗೆ ಯಾವ ಮನೆಯ ಫ್ಯೂಸೂ ಹೋಗುವುದಿಲ್ಲವೆಂದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು! ಸತ್ತುಹೋಗಿದ್ದರೆ? ಕೊಂದವನು ನಾನೇ ತಾನೆ?

ಗೇಟಿನ ಪಕ್ಕದ ಮೀಟರಿನಲ್ಲಿ ಚಕ್ರ ಗರಗರ ತಿರುಗುತ್ತಿತ್ತು. ಒಬ್ಬಂಟಿ ಮುದುಕಿಯ ಮನೆಯಲ್ಲಿ ಹಗಲು ಹೊತ್ತು ಅಷ್ಟು ಜೋರಾಗಿ ತಿರುಗಬಾರದು. ಫ್ಯೂಸಿನ ಪೆಟ್ಟಿಗೆ ತೆರೆದು ಹಿಡಿಯನ್ನು ಕೆಳಕ್ಕೆಳೆದೆ. ಚಕ್ರ ನಿಂತಿತು.

"ಅಜ್ಜೀ! ಯೋಸು ಅಜ್ಜೀ!"

ಬಾಗಿಲ ಸಂದಿಯಿಂದ ಸುಟ್ಟ ಅರಳೆಯ ವಾಸನೆ ಬರುತ್ತಿತ್ತು. ಭುಜ ಕೊಟ್ಟು ಗುದ್ದಿದೆ. ಮೂರನೇ ಗುದ್ದಿಗೆ ಚಿಲಕ ಕಿತ್ತು ಬಂತು.

"ಯಾರೋ ಅದು? ಅಯ್ಯೋ, ಚಪ್ಪಲಿ ಹಾಕ್ಕೊಂಡೇ ಒಳಗೆ ಬಂದ್ಯಲ್ಲೋ, ನಿನ್ನ ಮನೆ ಹಾಳಾಗ!"

ಅಷ್ಟು ಸಿಹಿಯಾದ ಬೈಗುಳ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವರ ತೋಳಿಗೆ ಕೈಹಾಕಿ ಹಾಸಿಗೆಯಿಂದ ಈಚೆಗೆಳೆದೆ. ರಜಾಯಿ ಸರಿಸಿದರೆ ಹಾಸಿಗೆಯ ಮೇಲೆ ಕಾವಲಿಯಲ್ಲಿ ಸೀದ ರೊಟ್ಟಿಯಂತೆ ಕಂದು ಗೆರೆಗಳು, ಒಂದು ಕಡೆ ಸಣ್ಣಗೆ ಹೊಗೆ. ಅಜ್ಜಿಯ ಎಡಗಾಲಿನ ಮೀನಖಂಡ ಕೆಂಪಗಾಗಿ ಅಂಗೈಯಗಲ ಬೊಕ್ಕೆ ಎದ್ದಿತ್ತು. ಬಕೆಟ್ಟಿನಲ್ಲಿ ತಣ್ಣೀರು ತಂದು ಕಾಲು ಇಳಿಬಿಡಿಸಿದೆ.

"ಬೈಬೇಡ ಕಣಪ್ಪ," ಎಂದರು ಅಜ್ಜಿ. ಅವರ ಮುಖದಲ್ಲಿ ನಗು. "ಮೂರು ವರ್ಷದಿಂದ ಸತ್ತು ಬಿದ್ದಿದ್ದ ಕಾಲಿಗೆ ಇವತ್ತು ಬಿಸಿ ಗೊತ್ತಾಯ್ತು! ಜೀವ ಬಂತು ಅಂತ ಖುಷಿಗೆ ಅತ್ತುಬಿಟ್ಟೆ, ಹಾಗೇ ಜೋಂಪು ಹತ್ತಿಬಿಡ್ತು. ಆ ಹಂದಿಮೂಗು ಮಾತ್ರ ಕಿತ್ಕೊಂಡು ಹೋಗ್ಬೇಡ್ವೋ."

ಅದು ಜೀವ ಬಂದದ್ದಲ್ಲ ಅಜ್ಜಿ ಎಂದು ಹೇಳಬೇಕಿತ್ತು. ಬಾಯಿ ತೆರೆದರೆ ಅಳು ಬಂತು. ಬಕೆಟ್ಟಿನ ಪಕ್ಕ ಕುಕ್ಕರಿಸಿ, ಐವತ್ತು ದಾಟಿದ ಗಂಡಸು, ಬಿಕ್ಕಿ ಬಿಕ್ಕಿ ಅತ್ತೆ. ಅಜ್ಜಿ ಪಾಪ, ನನ್ನ ತಲೆ ಸವರಿದರು.

ಅಷ್ಟರಲ್ಲಿ ಮಾಲ್ಸುನ್ ಏದುಸಿರು ಬಿಡುತ್ತ ಬಂದಳು. ಸುಟ್ಟ ಹಾಸಿಗೆ ನೋಡಿ ಬಾಯಿಗೆ ಕೈಯಿಟ್ಟುಕೊಂಡಳು.

"ಇನ್ಯಾರ್ ಯಾರಿಗೆ ಕೊಟ್ಟಿದ್ದೀವಿ?" ಎಂದು ಕೇಳಿದೆ.

"ನನ್ನ ಕೇಳ್ತೀರಲ್ಲ, ಅರ್ಧಕ್ಕರ್ಧ ನೀವೇ ಕೊಟ್ಟಿದ್ದು. ಡಬ್ಬದ ತಳ ಕಾಣ್ತಾ ಇದೆ."

"ಯಾರಿಗೆ ಅಂತ ಕೇಳಿದೆ ಕಣೇ!"

"ಪುಕ್ಕಟೆ ಕೊಟ್ಟಿದ್ದನ್ನ ಯಾರ್ರೀ ಬರೆದಿಡ್ತಾರೆ?"

ಅಜ್ಜಿಯನ್ನು ಅವಳಿಗೆ ಒಪ್ಪಿಸಿ ಹೊರಗೆ ಬಂದೆ. ಗುಡ್ಡದ ಬುಡದವರೆಗೂ ಮನೆಗಳು, ಪ್ರತಿ ಮನೆಯಲ್ಲೂ ಚಳಿಗಾಲ, ಪ್ರತಿ ಮನೆಯಲ್ಲೂ ಕರೆಂಟು ಹಾಸಿಗೆ. ಇನ್ನು ನಾಲ್ಕು ಗಂಟೆಯಲ್ಲಿ ಕತ್ತಲಾಗುತ್ತದೆ, ಎಲ್ಲರೂ ಹಾಸುತ್ತಾರೆ. ಪಕ್ಕದ ಮನೆಯ ಬಾಗಿಲು ಬಡಿದೆ.