ಕೋಟಿನ ಒಳಗಿನ ಒಂಬತ್ತು ಹೆಸರು

ದೇಶ ಆ ಅಜ್ಜಿಯನ್ನು ಐವತ್ತೆರಡು ವರ್ಷ ಮರೆತಿತ್ತು. ಮರೆಯುವುದಕ್ಕೆಂದೇ ಒಂದು ಇಲಾಖೆ ತೆರೆದು, ಅದಕ್ಕೊಬ್ಬ ನಿರ್ದೇಶಕನನ್ನು ಕೂರಿಸಿದ್ದರೇನೋ ಎನ್ನುವಷ್ಟು ಅಚ್ಚುಕಟ್ಟಾಗಿ ಮರೆತಿತ್ತು. ಈಗ ನೆನಪಾದದ್ದೂ ಹಾಗೆಯೇ: ವಸ್ತುಸಂಗ್ರಹಾಲಯದ ಮುಂಗೋಡೆಯ ಮೇಲೆ ಅವಳ ಹಳೆಯ ಫೋಟೊ, ಮೂಗಿನ ಒಂದೊಂದು ಹೊಳ್ಳೆಯಲ್ಲೂ ಒಂದೊಂದು ಸಂಸಾರ ಬಿಡಾರ ಹೂಡಬಹುದಾದಷ್ಟು ದೊಡ್ಡದು.

ಅದರ ಕೆಳಗೆ ನಿಜವಾದ ಅಜ್ಜಿ ಮೆಟ್ಟಿಲು ಹತ್ತುತ್ತಿದ್ದಳು. ಮುನ್ನೂರು ಮೆಟ್ಟಿಲು. ಎಣಿಸಿದವರು ಹದಿನೆಂಟು ಎನ್ನುತ್ತಾರೆ. ಅವರು ಅವಳ ಮಂಡಿಗಳನ್ನು ವಿಚಾರಿಸಿದವರಲ್ಲ.

ಮಧ್ಯಾಹ್ನ ಮಂತ್ರಿಗಳಿಂದ ಯುದ್ಧದ ಪ್ರದರ್ಶನದ ಉದ್ಘಾಟನೆ. ಅಜ್ಜಿಗೆ ಬೇಕಿದ್ದುದು ಅದಲ್ಲ, ಎರಡು ತಿಂಗಳ ಹಿಂದೆ ಈ ಸಂಗ್ರಹಾಲಯಕ್ಕೆ ಕೊಟ್ಟಿದ್ದ ತನ್ನ ಸೈನ್ಯದ ಕೋಟು. ಅದರಲ್ಲೂ ಅದರ ಒಳಮೈ. ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ತರುತ್ತಿದ್ದ ಹತ್ತು ಹುಡುಗಿಯರಲ್ಲಿ ಬದುಕಿ ಬಂದವಳು ಅವಳೊಬ್ಬಳೇ. ಒಬ್ಬೊಬ್ಬಳು ಸತ್ತಾಗಲೂ ಕೋಟಿನ ಲೈನಿಂಗಿನ ಮೇಲೆ ಅವಳ ಹೆಸರನ್ನು ಕಪ್ಪು ದಾರದಲ್ಲಿ ಹೊಲಿದಿದ್ದಳು. ಸರ್ಕಾರದ ಕಡತದಲ್ಲಿ ಅವರೆಲ್ಲ ‘ಇತರೆ ಸಿಬ್ಬಂದಿ’. ಹೆಸರುಗಳು ಬೇರೆಲ್ಲೂ ಇರಲಿಲ್ಲ. ಈಚೆಗೆ ಅಜ್ಜಿಯ ತಲೆಯಲ್ಲೂ ಇರಲಿಲ್ಲ. ಮೊನ್ನೆ ಬೆರಳು ಮಡಿಚಿದರೆ ಐದಕ್ಕೇ ನಿಂತಿತ್ತು. ಇವತ್ತು ಮೈಕು ಕೈಗೆ ಬಂದರೆ ಒಂಬತ್ತನ್ನೂ ಓದಿಬಿಟ್ಟು, ಮನೆಗೆ ಹೋಗಿ ಮಲಗಬೇಕು. ಅಷ್ಟೇ ಆಸೆ.

ಸಂಗ್ರಹಾಲಯದ ಅಧಿಕಾರಿ ಕೋಟಿನ ಗುಂಡಿ ಬಿಚ್ಚಿ ಅಗಲಿಸಿ ತೋರಿಸಿದ. ಒಳಗೆ ಹೊಚ್ಚ ಹೊಸ ಬಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ಒಳಗೆಲ್ಲ ಬರೀ ದಾರ, ಕೊಳೆ ಇತ್ತಜ್ಜಿ. ಕಿತ್ತು ಹಾಕ್ಸಿ ಹೊಸ ಲೈನಿಂಗ್ ಕೊಡ್ಸಿದೀನಿ. ಮದುವೆ ಕೋಟಿನ ಹಾಗಿದೆ ನೋಡಿ.”

“ಚೆನ್ನಾಗಿದೆ ಕಣಪ್ಪ. ಗಂಡು ಎಲ್ಲಿ?” ಎನ್ನುತ್ತ ಅಜ್ಜಿ ಸಿಕ್ಕಿದ ಕುರ್ಚಿಯಲ್ಲಿ ಕುಸಿದಳು. ಕೂಗಾಡಲು ಅವಳಲ್ಲಿ ಉಸಿರು ಉಳಿದಿರಲಿಲ್ಲ. “ಹಳೇದು ಏನಾಯ್ತು?”

“ಟೈಲರ್‌ನ ಕೇಳಬೇಕು.”

ಟೈಲರ್ ಇದ್ದದ್ದು ನೆಲಮಾಳಿಗೆಯಲ್ಲಿ. ಮತ್ತೆ ಮುನ್ನೂರು ಮೆಟ್ಟಿಲು. ಅಲ್ಲಿ ಅವನು ಯಾವನೋ ಜನರಲ್‌ನ ಪ್ಯಾಂಟಿನ ಮೇಲೆ ಆ ಲೈನಿಂಗನ್ನೇ ಹಾಸಿ ಇಸ್ತ್ರಿ ತಿಕ್ಕುತ್ತಿದ್ದ.

“ಹಳೇ ಬಟ್ಟೆ ಇಸ್ತ್ರಿಗೆ ಬಂಗಾರ ತಾಯಿ. ಮೇಲೆ ಹಾಸಿದ್ರೆ ಉಣ್ಣೆ ಸುಡಲ್ಲ.”

“ದಾರ?”

“ಕಿತ್ತೆ. ಇಲ್ಲದಿದ್ರೆ ಪ್ಯಾಂಟಿನ ಮೇಲೆ ಅಚ್ಚು ಬೀಳುತ್ತಲ್ಲ.”

ಅಜ್ಜಿ ಬಟ್ಟೆಯ ಮೇಲೆ ಬೆರಳಾಡಿಸಿ ಏನೋ ಹುಡುಕಿದಳು. ಟೈಲರ್ ಅವಳ ಮುಖ ನೋಡಿದ, ಬಟ್ಟೆ ನೋಡಿದ, ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದ. ಮೇಲುಗಡೆ ಇದ್ದ ಅಂಗೈಯಗಲದ ಕಿಟಕಿಗೆ ಬಟ್ಟೆಯನ್ನು ಅಡ್ಡ ಹಿಡಿದ. ಸೂಜಿ ಹೋದಲ್ಲೆಲ್ಲ ತೂತು, ತೂತಿನಲ್ಲೆಲ್ಲ ಬೆಳಕು.

“ತಾಯಿ, ಇಲ್ಲೇನೋ ಬರ್ದಂಗಿದೆ,” ಎಂದು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಪ್ರತಿ ಹೆಸರಿಗೂ ಅಜ್ಜಿ “ಹೂಂ” ಎಂದಳು, ಹಾಜರಿ ಕೊಡುವವಳ ಹಾಗೆ. ಎಂಟು ಹೆಸರು ಬಂದವು. ಒಂಬತ್ತನೆಯದರ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿಯಷ್ಟೇ ಸುಟ್ಟ ಕಲೆ.

“ಇದು ನನ್ನ ಕೈಲೇ ಆಗಿದ್ದು,” ಎಂದ ಟೈಲರ್, ಬಟ್ಟೆ ಇಳಿಸದೆ.

“ಸೂಜಿ ಕೊಡು. ಮೇಲಿಂದ ಕೋಟು ತರ್ಸು.”

ಮಂತ್ರಿಗಳು ಬಂದಾಗ ಅಜ್ಜಿ ನೆಲಮಾಳಿಗೆಯಲ್ಲಿ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಹೊಸ ಲೈನಿಂಗಿನ ಮೇಲೆ ಸೊಟ್ಟಸೊಟ್ಟಗೆ ಎಂಟು ಹೆಸರು. ಅಧಿಕಾರಿ ಬೆವರುತ್ತ ಓಡಿ ಬಂದ. ಆ ಬೆವರಿನಲ್ಲಿ ಒಂದು ದೋಣಿ ಬಿಡಬಹುದಿತ್ತು.

“ಅಜ್ಜಿ, ಸಾಹೇಬ್ರು ಕಾಯ್ತಿದಾರೆ. ಕೋಟು ಕೊಡಿ.”

“ನಾವು ಐವತ್ತೆರಡು ವರ್ಷ ಕಾದಿದೀವಿ. ಇನ್ನೊಬ್ಬಳು ಬಾಕಿ ಇದಾಳೆ, ಕೂತ್ಕೋ.”

“ಅವರ ಹೆಸರು?”

“ನೆನಪಿಲ್ಲ. ಗೊರಕೆ ಹೊಡೀತಿದ್ಲು. ಅವಳ ಗೊರಕೆಗೆ ಶತ್ರುಗಳೇ ಎದ್ದು ಕೂರೋರು.” ಅಜ್ಜಿ ಕಣ್ಣು ಉಜ್ಜಿಕೊಂಡಳು. “‘ಗೊರಕೆಯವಳು’ ಅಂತಲೇ ಹೊಲೀತೀನಿ. ತಗೋ, ದಾರ ಪೋಣಿಸು, ನಂಗೆ ಕಾಣಲ್ಲ.”

ಅಧಿಕಾರಿ ಒಮ್ಮೆ ಮೆಟ್ಟಿಲ ಕಡೆ ನೋಡಿದ. ಆಮೇಲೆ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದ.