ಬಡಾವಣೆಯ ಘನತೆ

ಕೋಗಿಲಿನ ನಮ್ಮ ಬಡಾವಣೆಯಲ್ಲಿ ಅರ್ಜಿ ಬರೆಯುವ ಕೆಲಸವೆಲ್ಲ ನನ್ನದೇ. ಕನ್ನಡ ಎಂ.ಎ. ಮಾಡಿದ್ದರ ಫಲ. ನಾನು ಅದನ್ನು ಸಮಾಜಸೇವೆ ಎನ್ನುತ್ತೇನೆ. ನನ್ನ ಗಂಡ ಚಟ ಎನ್ನುತ್ತಾರೆ.

ವಾರ್ಡಿನ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಜನರನ್ನೇ ಕೇಳುವ ಸಭೆ ಕಳೆದ ಭಾನುವಾರ ಇತ್ತು. ಬಡಾವಣೆಯ ಬಾಯಿಗೆ ಗ್ರಾನೈಟ್ ಕಮಾನು ಬೇಕೆಂದು ಮೂರು ಪುಟ ಬರೆದುಕೊಂಡು ಹೋದೆ. ಎರಡು ಪುಟದ ತುಂಬ ನಾಗರಿಕರ ಹಕ್ಕು, ಸ್ವಾತಂತ್ರ್ಯ, ಸಂವಿಧಾನ. ಕಮಾನು ಬರುವುದು ಕೊನೆಯ ಪುಟದಲ್ಲಿ. ಚಪ್ಪಾಳೆಗೆ ಜನ ಬೇಕಲ್ಲ ಎಂದು, ಬಸ್ ಸ್ಟಾಪಿನಲ್ಲಿ ಹೂ ಮಾರುವ ಅಕ್ಬರಿಯನ್ನೂ ಕರೆದೊಯ್ದಿದ್ದೆ.

ಚಪ್ಪಾಳೆಯೇನೋ ಬಿತ್ತು. "ಬೇರೆ ಯಾರಾದ್ರೂ ಮಾತಾಡ್ತೀರಾ?" ಎಂದು ಇಂಜಿನಿಯರ್ ರಾಧಾಮಣಿ ಫೈಲು ಮುಚ್ಚುತ್ತಲೇ ಕೇಳಿದರು. ಅಕ್ಬರಿ ಎದ್ದು ನಿಂತಳು.

"ಬಸ್ ಸ್ಟಾಪ್ ಹತ್ರ ಹೆಂಗಸ್ರಿಗೆ ಒಂದು ಟಾಯ್ಲೆಟ್ ಕಟ್ಸಿ ಮೇಡಂ. ಬೆಳಿಗ್ಗೆ ಆರಕ್ಕೆ ಕೂತ್ರೆ ಮೂರು ಗಂಟೆ ತನಕ ಒಂದು ತೊಟ್ಟು ನೀರು ಕುಡಿಯಲ್ಲ ನಾನು. ಎರಡು ಸಲ ಕಿಡ್ನೀಲಿ ಕಲ್ಲಾಯ್ತು. ಇನ್ನೊಂದ್ಸಲ ಆದ್ರೆ ವ್ಯಾಪಾರನೇ ಬಿಡ್ಬೇಕು ಅಂದ್ರು ಡಾಕ್ಟ್ರು."

ಬಸ್ಸು ಹತ್ತಿ ಯಲಹಂಕಕ್ಕೆ ಹೋಗುವ ದಿನ ನಾನೂ ನೀರು ಕುಡಿಯುವುದಿಲ್ಲ. ಅಮ್ಮ ಕಲಿಸಿದ್ದು. ಇಷ್ಟು ವರ್ಷ ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ನನ್ನ ಹಕ್ಕುಗಳ ಪುಟಗಳಲ್ಲಿ ಅದಕ್ಕೆ ಒಂದು ಸಾಲೂ ಸಿಕ್ಕಿರಲಿಲ್ಲ.

"ಎರಡು ವರ್ಷದ ಹಿಂದೆನೇ ದುಡ್ಡು ಬಂದಿತ್ತಮ್ಮ. ಬಡಾವಣೆಯವ್ರೇ ಬೇಡ ಅಂದ್ರು, ವಾಪಸ್ ಹೋಯ್ತು," ಎಂದ ರಾಧಾಮಣಿ ಫೈಲು ತೆರೆದು ಆಗಿನ ಅರ್ಜಿಯನ್ನು ಓದಿದರು: "'ಸದರಿ ಶೌಚಾಲಯವು ನಮ್ಮ ಬಡಾವಣೆಯ ಘನತೆಗೆ ಕಳಂಕಪ್ರಾಯವಾಗಿದ್ದು...'"

ಕಳಂಕಪ್ರಾಯ! ಆ ಪದಕ್ಕಾಗಿ ಅರ್ಧ ಗಂಟೆ ಯೋಚಿಸಿದ್ದೆ. ಅವರು ತಡವರಿಸದೆ ಓದಿದರಲ್ಲ ಎಂದು ಮೊದಲು ಹೆಮ್ಮೆಯಾಯಿತು. ನಾಚಿಕೆ ಬಂದದ್ದು ಆಮೇಲೆ.

"ಯಾರ್ ಬರ್ದಿದ್ದು ಅದು?" ಎಂದಳು ಅಕ್ಬರಿ.

"ನಾನೇ."

"ಇಷ್ಟ್ ಚೆನ್ನಾಗ್ ಬರೀತೀರ, ಬೇಕು ಅಂತ ಬರೀಬಾರ್ದಿತ್ತಾ?"

"ಅದನ್ನ ವಾಪಸ್ ತಗೋತೀನಿ ಮೇಡಂ," ಎಂದೆ ರಾಧಾಮಣಿಗೆ.

ಸಂಘದ ಅಧ್ಯಕ್ಷ ಮಹೇಂದ್ರ ಎದ್ದೇಬಿಟ್ಟ. "ಏನ್ ಪದ್ಮಶ್ರೀ ಮೇಡಂ, ತಲೆ ಸರಿ ಇದೆಯಾ? ಸೈಟ್ ರೇಟ್ ಏನಾಗ್ಬೇಕು?"

"ಒಬ್ರು ಹೇಳಿದ್ರೆ ಆಗಲ್ಲ," ಎಂದರು ರಾಧಾಮಣಿ. "ಆ ಅರ್ಜಿಗೆ ಸಹಿ ಹಾಕಿದ್ದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವ್ರ ಒಪ್ಪಿಗೆ ತನ್ನಿ. ಕಮಾನಿನ ಬದ್ಲು ಇದನ್ನೇ ಹಾಕ್ತೀನಿ."

ಸಂಜೆ ಹೊಸ ಅರ್ಜಿ ಹಿಡಿದು ಅಕ್ಬರಿಯ ಜೊತೆ ಹೊರಟೆ. ಮೊದಲ ಮನೆ ಮಹೇಂದ್ರನದೇ. ಅವನಿರಲಿಲ್ಲ, ಬಾಗಿಲು ತೆಗೆದದ್ದು ಅವನ ತಾಯಿ ಮುನಿವೆಂಕಟಮ್ಮ. ನಾನು ಗಂಟಲು ಸರಿಮಾಡಿಕೊಂಡು ಪೀಠಿಕೆ ಶುರು ಮಾಡಿದೆ. ಅಕ್ಬರಿ ನಡುವೆಯೇ ಹೇಳಿದಳು: "ಬಸ್ ಸ್ಟಾಪಲ್ಲಿ ನಮ್ಗೆ ಟಾಯ್ಲೆಟ್ಟಮ್ಮ."

"ಕೊಡು ಇಂಗೆ. ಎಲ್ಲಿ ಒತ್ಬೇಕು?" ಎಂದು ಮುದುಕಿ ಹೆಬ್ಬೆರಳು ಚಾಚಿದಳು.

"ಮಹೇಂದ್ರ ಅವರನ್ನ ಒಂದ್ಮಾತು..." ಎಂದೆ ನಾನು. ಆಗಲೂ ಅಡ್ಡ ಬಂದದ್ದು ನಾನೇ!

"ಅವ್ನನ್ ಯಾಕವ್ವ ಕೇಳೋದು? ಮನೆ ನನ್ನೆಸ್ರಲ್ಲೈತೆ."