ತೆಪ್ಪಲದ ಉಪ್ಪು

ಹೆಣಕ್ಕೆ ನೀರು ಹಾಕುತ್ತಿದ್ದ ಹೆಂಗಸರ ನಡುವೆ ಕೂತು ಲತಾ ತನ್ನ ಅತ್ತೆ ಗೋದಾವರಿಯ ಬಲಗೈ ತಿಕ್ಕುತ್ತಿದ್ದಳು. ಎಷ್ಟು ತಿಕ್ಕಿದರೂ ಆ ಬೆರಳ ತುದಿಯಿಂದ ತೆಪ್ಪಲದ ವಾಸನೆ ಹೋಗಲೊಲ್ಲದು. ಮೊನ್ನೆಯಷ್ಟೇ ಮುದುಕಿ ಉಪ್ಪು ಮಾಡಿದ್ದಳು.

"ಬಿಡೇ ಲತಾ, ವಾಸನೆ ಇರ್ಲಿ. ಅವಳು ಅಂದ್ರೆ ಅದೇ ಅಲ್ದಾ," ಎಂದಳು ನೆರೆಮನೆಯ ಕಾಶಕ್ಕ.

ಮಂಜಗುಣಿಯಲ್ಲಿ ಆ ಉಪ್ಪಿನ ರುಚಿ ನೋಡದ ಮನೆಯಿಲ್ಲ. ಹರಳುಪ್ಪು, ಒಣಮೆಣಸು, ಬೆಳ್ಳುಳ್ಳಿ, ಬಂಗಡೆ ಮೀನಿನ ಸಾರಿಗೆ ಹಾಕುವ ತೆಪ್ಪಲದ ಕಾಯಿ, ಇದ್ದದ್ದು ಇಷ್ಟೇ. ಒಂದು ಚಿಟಿಕೆ ಗಂಜಿಗೆ ಉದುರಿಸಿದರೆ ಮೀನಿಲ್ಲದ ದಿನವೂ ಮೀನಿನ ಊಟ. ಲತಾ ಒಬ್ಬಳೇ ಮಾಡಿದರೆ ಮಾತ್ರ ಅದು ಬರೀ ಖಾರದ ಉಪ್ಪಾಗುತ್ತಿತ್ತು. ಗಂಡ ಬೊಮ್ಮಯ್ಯ ಬಾಯಿಗಿಟ್ಟು, "ಆಯಿ ಮಾಡ್ದಾಂಗೆ ಆಗ್ಲಿಲ್ಲ" ಎಂದು ತಟ್ಟೆ ದೂಡುತ್ತಿದ್ದ. ತನ್ನ ಕೈಗುಣವೇ ಸರಿಯಿಲ್ಲ ಎಂದು ಅವಳು ಒಪ್ಪಿಕೊಂಡು ಎಷ್ಟೋ ವರ್ಷವಾಗಿತ್ತು.

*

ಉಪ್ಪು ಮಾಡುವ ದಿನ ಬೆಳಿಗ್ಗೆ ಗೋದಾವರಿಗೆ ಏನಾದರೊಂದು ಕಡಿಮೆ ಬೀಳುತ್ತಿತ್ತು.

"ಈ ಬೆಳ್ಳುಳ್ಳಿ ಆಗೂದಿಲ್ಲ ಮಗಾ. ಅಂಕೋಲೆ ಪೇಟೆಗೆ ಹೋಗಿ ಸಣ್ಣದು ತಕಂಬಾ."

"ಇಲ್ಲೇ ಅಂಗಡಿಲಿ ಸಿಗ್ತದಲ್ರಾ ಅತ್ತೆ."

"ಅದಕ್ಕೆ ರುಚಿ ಇಲ್ಲ. ನಿನ್ನಷ್ಟು ನೋಡಿ ತರೂಕೆ ಯಾರಿಗೂ ಬರೂದಿಲ್ಲ."

ಆ ಮಾತಿಗೆ ಲತಾ ಉಬ್ಬಿಹೋಗುತ್ತಿದ್ದಳು. ಬಸ್ಸಿನಲ್ಲಿ ನೇತಾಡಿ, ಪೇಟೆ ಸುತ್ತಿ, ಬೆವರಿ ನೀರಾಗಿ ಬರುವಷ್ಟರಲ್ಲಿ ಉಪ್ಪು ಒರಳಿಗೆ ಬಿದ್ದಿರುತ್ತಿತ್ತು. ಕುಟ್ಟುವ ಕೆಲಸ ಮಾತ್ರ ಅವಳದ್ದು. ಅಂಗೈ ಉರಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮಲಗುವಳು.

*

ಗಂಡಸರು ಸುಡುಗಾಡಿನಿಂದ ಬಂದು ಮಿಂದು ಕೂರುವ ಹೊತ್ತಿಗೆ ಕಾಶಕ್ಕ ತನ್ನ ಮನೆಯಿಂದ ಗಂಜಿ ತಂದಿದ್ದಳು. ಕಾರವಾರದಿಂದ ಬಂದಿದ್ದ ಗೋದಾವರಿಯ ಮಗಳು ಅಮಿತಾ ಒಳಗಿನಿಂದ ಉಪ್ಪಿನ ಭರಣಿ ತಂದು, ಮೂಸಿ, ಮತ್ತೆ ಅತ್ತಳು.

"ಇನ್ನು ಇದು ಯಾರ ಕೈಲಿ ಆಗ್ತದೆ?" ಎಂದಳು ಕಾಶಕ್ಕ.

"ತೆಪ್ಪಲ ಕುದ್ಸಿದ ನೀರು ಉಪ್ಪಿಗೆ ಚಿಮುಕ್ಸಿ, ಅದು ಒಣಗೂವರೆಗೆ ಮಡಕೇಲಿ ಹುರೀಬೇಕು. ಆಮೇಲೇ ಕುಟ್ಟೂದು," ಅಮಿತಾ ಮೂಗು ಒರೆಸಿಕೊಂಡು ಅತ್ತಿಗೆಯತ್ತ ನೋಡಿದಳು. "ವೈನಿಗೆ ಗೊತ್ತೇ ಇದ್ದದಲ್ಲ."

ಗಂಜಿ ಬಡಿಸುತ್ತಿದ್ದ ಲತಾಳ ಕೈಯ ಸೌಟು ನಿಂತಿತು. "ಉಪ್ಪು ಹುರೀತಿದ್ರಾ?"

ಅಮಿತಾಳ ಮುಖ ಕಂದಿತು. ಮೆಲ್ಲಗೆ ಹೇಳಿದಳು:

"ಆಯಿ ನಂಗೆ ಫೋನ್ ಮಾಡೂದು ಆವಾಗ್ಲೇ ಅಲ್ದಾ. ಲತಾ ಬಸ್ ಹತ್ತಿದ್ಳು, ಈಗ ಉಪ್ಪು ಹುರೀತೆ ಅಂತ. ಸೊಸೆಗೆ ಗೊತ್ತಾದ್ರೆ ಬೊಮ್ಮು ಮತ್ತೆ ಈ ಆಯಿನ ಎಂತಕೆ ಕೇಳ್ತ ಅಂತಿದ್ಳು. ನಾ ಚೇಷ್ಟೆ ಅಂದ್ಕಂಡಿದ್ದೆ, ವೈನಿ."

ಲತಾ ಸೌಟನ್ನು ಗಂಜಿಯ ಪಾತ್ರೆಗೆ ಬಿಟ್ಟಳು. ಆ ಬಸ್ಸು, ಆ ಬಿಸಿಲು, ಆ ಹೊಗಳಿಕೆ, ಎಲ್ಲ ತನ್ನನ್ನು ಮನೆಯಿಂದ ಹೊರಗಟ್ಟಲು! ಜಗಳಕ್ಕೆ ನಿಲ್ಲೋಣವೆಂದರೆ ಮುದುಕಿ ಈಗಷ್ಟೇ ಬೂದಿಯಾಗಿದ್ದಾಳೆ. ಬೆಳಿಗ್ಗೆ ಅದೇ ಕೈಯನ್ನು ತಾನು ಎಷ್ಟು ಅಕ್ಕರೆಯಿಂದ ತೊಳೆದೆ ಎಂದು ನೆನೆದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಬೊಮ್ಮಯ್ಯ ಗಂಜಿಗೆ ಉಪ್ಪು ಉದುರಿಸಿಕೊಂಡ. ಒಂದು ಗುಟುಕು ಕುಡಿದವನ ಕಣ್ಣು ತುಂಬಿತು.

"ಇಷ್ಟು ವರ್ಷ ನೀ ಆಯಿ ಪಕ್ಕದಲ್ಲೇ ಇದ್ದೆ," ಎಂದ ಹೆಂಡತಿಗೆ. "ಇದೊಂದು ಕಲ್ತ್ಕಂಬೂಕೆ ಆಗ್ಲಿಲ್ಲ ನಿಂಗೆ."

ಕಾಶಕ್ಕ ಭರಣಿ ಹಿಡಿದು ಲತಾಳ ಬಳಿ ಬಂದಳು. ಲತಾ ತನ್ನ ಗಂಜಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

"ಕಾಣ್ರೇ, ಅತ್ತೆ ಹೋದ್ಳು ಅಂತ ಸೊಸೆ ಉಪ್ಪೇ ಬಿಟ್ಟಳು," ಕಾಶಕ್ಕ ಸುತ್ತ ಕೂತವರಿಗೆ ಹೇಳಿದಳು. "ಇಂಥಾ ಸೊಸೆ ಯಾರಿಗೆ ಸಿಗ್ತಾಳೆ!"

ಭರಣಿ ಮುಂದಿನವರ ಬಳಿ ಹೋಗುವವರೆಗೂ ಲತಾ ಕೈ ತೆಗೆಯಲಿಲ್ಲ. ಆಮೇಲೆ ತಟ್ಟೆ ಎತ್ತಿ ಸಪ್ಪೆ ಗಂಜಿಯನ್ನು ಒಂದೇ ಉಸಿರಿಗೆ ಕುಡಿದಳು.